ಹಡಗಿನವರ ಪಾತ್ರೆ

ಸೊಸೆ ಅತ್ತೆ ಅತ್ತೆ ಎಂದು ಕರೆದು ಕರೆದು ಆಕೆ ಇಡೀ ಓಣಿಗೇ ಅತ್ತೆಯಾಗಿಬಿಟ್ಟಿದ್ದಳು. ಮೀನಿನ ಅಂಗಡಿಯವನಿಗೂ ಅತ್ತೆ, ಎದುರುಮನೆಯ ದರ್ಜಿಗೂ ಅತ್ತೆ. ಬಂದರಿನಿಂದ ಮೇಲಕ್ಕೆ ಹತ್ತುವ ಆ ಓಣಿಯ ಕೊನೆಯ ಮನೆ ಅವಳದು. ಪ್ರವಾಸದ ಹಡಗು ಬಂದು ನಿಂತ ದಿನ ಅದರಿಂದಿಳಿದ ಯಾವುದಾದರೂ ಒಂದು ಕುಟುಂಬ ಆ ಮನೆಗೆ ಅಡುಗೆ ಕಲಿಯಲು ಬರುತ್ತಿತ್ತು. ಹಾಗೆ ಬಂದವರಲ್ಲಿ ಒಬ್ಬರೂ ಅತ್ತೆಯ ಮುಖ ಕಂಡವರಲ್ಲ.

ಕಲಿಸುವುದು ಸೊಸೆ, ಮುಂದಿನ ಕೋಣೆಯ ಉದ್ದ ಮೇಜಿನ ಮೇಲೆ. ಬಂದವರು ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಾರೆ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಬೇಯಿಸಿಟ್ಟ ಕಾಳಿಗೆ ತರಕಾರಿ ಸೇರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಅಡುಗೆ ಸಣ್ಣ ಉರಿಯಲ್ಲಿ ಅರ್ಧ ದಿನ ಕೂರಬೇಕು. ಹಡಗು ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಸೊಸೆ ಅವರ ಪಾತ್ರೆಯನ್ನು ಒಳಗಿನ ಒಲೆಗೆಂದು ಎತ್ತಿಕೊಂಡು ಹೋಗುತ್ತಾಳೆ. ಅವರು ಹಿತ್ತಿಲಿನಿಂದ ಸಮುದ್ರ ನೋಡಿಕೊಂಡು ಬರುವಷ್ಟರಲ್ಲಿ ಅದೇ ಅಳತೆಯ, ಅದೇ ಹಿಡಿಯ ಇನ್ನೊಂದು ಪಾತ್ರೆ ಹೊರಗೆ ಬಂದಿರುತ್ತದೆ. ಅದು ಬೆಳಕು ಹರಿಯುವ ಮುಂಚೆಯೇ ಅತ್ತೆ ಒಲೆಗೇರಿಸಿದ್ದು. ತಾವೇ ಮಾಡಿದ್ದೆಂದು ಬಂದವರು ಹಿಗ್ಗಿ ಹೀರೇಕಾಯಿಯಾಗುತ್ತಾರೆ. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಚಮಚಗಳ ಸದ್ದು ಕೇಳುತ್ತಾಳೆ. ಅವಳಿಗೆ ಅಷ್ಟು ಸಾಕು.

ಬಂದವರ ಪಾತ್ರೆ ಸಂಜೆ ಮನೆಯವರ ಪಾಲು. ವರ್ಷಗಳಿಂದ ಆ ಮನೆಯವರು ಗುರುತು ಪರಿಚಯವಿಲ್ಲದವರ ಕೈಯಡುಗೆ ಉಣ್ಣುತ್ತ ಬಂದಿದ್ದರು. ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುವ ಮಗ ಕೈ ತೊಳೆದು ಕೂತ ಕೂಡಲೇ ಕೇಳುತ್ತಿದ್ದ.

"ಹೇಳಮ್ಮ, ಇವತ್ತಿನವರು ಯಾರು?"

ಅತ್ತೆ ಮೊದಲ ತುತ್ತಿಗೇ ತೀರ್ಪು ಕೊಡುತ್ತಿದ್ದಳು. "ಗಂಡ ಹೆಂಡತಿ ಮುನಿಸಿಕೊಂಡು ಹೆಚ್ಚಿದಾರೆ. ನೋಡು, ಒಂದು ಚೂರು ಬೆರಳುದ್ದ, ಇನ್ನೊಂದು ಉಗುರಷ್ಟು." ಇಲ್ಲವೆಂದರೆ, "ಹುಡುಗರು ಖಾರದ ಡಬ್ಬಿಗೆ ಕೈ ಹಾಕಿವೆ, ಅಪ್ಪ ನೋಡಿಲ್ಲ." ಹೌದೋ ಅಲ್ಲವೋ ಹೇಳುವುದು ಸೊಸೆ. ಹೆಚ್ಚಿನ ಸಲ ಹೌದು.

ಈ ವರ್ಷ ಜ್ವರ ಬಿಟ್ಟ ಮೇಲೆ ಅತ್ತೆಯ ನಾಲಿಗೆ ಸತ್ತುಹೋಗಿತ್ತು. ಯಾವುದನ್ನು ಬಾಯಿಗಿಟ್ಟರೂ ಬಿಸಿನೀರು. ಅವಳು ಯಾರಿಗೂ ಹೇಳಲಿಲ್ಲ. ಮನೆಯ ಮಿಕ್ಕ ಕೆಲಸಗಳೆಲ್ಲ ಒಂದೊಂದಾಗಿ ಸೊಸೆಯ ಕೈ ಸೇರಿ, ಆ ಪಾತ್ರೆಯೊಂದು ಮಾತ್ರ ಅವಳ ಪಾಲಿಗೆ ಉಳಿದಿತ್ತು. ಹೇಳಿದರೆ ಅದೂ ಹೋಗುತ್ತದೆ. ಕೈಯಳತೆಯಲ್ಲಿ ಅಡುಗೆ ದೂಡಿದಳು. ಸಂಜೆಯ ತೀರ್ಪನ್ನು ಕಣ್ಣಳತೆಯಲ್ಲಿ ಕೊಟ್ಟಳು.

ಆ ದಿನ ಬಂದದ್ದು ಅಪ್ಪ, ಅಮ್ಮ, ಒಬ್ಬಳು ಪುಟ್ಟ ಹುಡುಗಿ. ಹೊರಗೆ ಚಾಕುವಿನ ಸದ್ದು ಕೇಳುತ್ತಿತ್ತು. ಒಳಗೆ ಅತ್ತೆ ಉಪ್ಪಿನ ಡಬ್ಬಿ ನೋಡುತ್ತ ನಿಂತಿದ್ದಳು. ಉಪ್ಪು ಹಾಕುವಾಗಲೇ ದರ್ಜಿಯ ಹೆಂಡತಿ ಕಿಟಕಿಯಿಂದ ಕೂಗಿ ಮಾತಿಗೆಳೆದಿದ್ದಳು. ಅದಕ್ಕೆ ಮುಂಚೆ ಹಾಕಿದ್ದೋ, ಆಮೇಲೆ ಹಾಕಿದ್ದೋ, ಎರಡೂ ಸಲವೋ? ಸೌಟಿನ ತುದಿ ನೆಕ್ಕಿದಳು. ಬಿಸಿನೀರು.

ಸೊಸೆ ಬಂದವರ ಪಾತ್ರೆ ಹೊತ್ತು ಒಳಗೆ ಬಂದಳು. "ಕೊಡಿ ಅತ್ತೆ, ಹೊತ್ತಾಯ್ತು."

ಅತ್ತೆ ಮುಚ್ಚಳದ ಮೇಲಿಟ್ಟ ಕೈ ತೆಗೆಯಲಿಲ್ಲ. "ಸ್ವಲ್ಪ ಬಾಯಿಗೆ ಹಾಕಿ ನೋಡು."

"ನಿಮ್ಮ ಅಡುಗೆಗೆ ನಾನು ಉಪ್ಪು ನೋಡೋದಾ?" ಸೊಸೆ ನಕ್ಕಳು. "ಮದುವೆಯಾಗಿ ಬಂದ ಹೊಸದರಲ್ಲಿ ಸೌಟು ಮುಟ್ಟಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ರಿ."

"ಈಗ ಮುಟ್ಟು ಅಂತಿದೀನಲ್ಲ."

ಸೊಸೆ ರುಚಿ ನೋಡಿದಳು. ಮುಖ ಬದಲಾಗಲಿಲ್ಲ. ಪಕ್ಕದಲ್ಲಿದ್ದ ಲೋಟದ ನೀರನ್ನು ತಳ ಕಾಣುವವರೆಗೆ ಕುಡಿದಳು.

"ಯಾವಾಗಿನಿಂದ?"

"ಜ್ವರ ಬಿಟ್ಟಾಗಿನಿಂದ."

ಹೊರಗೆ ಕುರ್ಚಿಗಳನ್ನು ಎಳೆದುಕೊಳ್ಳುವ ಸದ್ದಾಯಿತು. ಸೊಸೆ ಅತ್ತೆಯ ಪಾತ್ರೆಯನ್ನು ಇಳಿಸಿ ಮೂಲೆಗಿಟ್ಟಳು. ಬಂದವರ ಪಾತ್ರೆಯನ್ನೇ ಒಲೆಗಿಟ್ಟು, ಉರಿ ಜೋರು ಮಾಡಿ, ಒಂದು ಕುದಿ ಬಂದ ಮೇಲೆ ಹೊರಗೆ ಒಯ್ದಳು.

"ತರಕಾರಿ ಇವತ್ತು ಸ್ವಲ್ಪ ಗಟ್ಟಿ ಇರುತ್ತೆ," ಎಂದಳು.

ಅತ್ತೆ ಬಾಗಿಲ ಮರೆಗೆ ಬಂದು ನಿಂತಳು. ಚಮಚಗಳು ನಿಧಾನವಾಗಿ ಆಡಿದವು. ಅಪ್ಪ ಅನ್ನಿಸಿಕೊಂಡವನು ಬಹಳ ಹೊತ್ತು ಅಗಿದ. ಹುಡುಗಿ ಮಾತ್ರ ತಟ್ಟೆ ಕೆದಕುತ್ತ, "ಈ ಕ್ಯಾರೆಟ್ ನಾನು ಹೆಚ್ಚಿದ್ದು. ಇದೂ ನಾನೇ," ಎನ್ನುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಆ ಬಾಗಿಲ ಹಿಂದೆ ಅತ್ತೆ ಅಂಥ ಮಾತು ಕೇಳಿರಲಿಲ್ಲ.

ಸಂಜೆ ಅತ್ತೆಯ ಪಾತ್ರೆ ಮನೆಯವರ ಊಟಕ್ಕೆ ಬಂತು. ಸೊಸೆ ಆಲೂಗಡ್ಡೆ ಹಾಕಿ, ನೀರು ಬೆರೆಸಿ ಕುದಿಸಿದ್ದಳು. ಆದರೂ ಮಗ ತುತ್ತು ನುಂಗಿ ಕಣ್ಣು ಮುಚ್ಚಿದ.

"ಕಡಲನ್ನೇ ಬಗ್ಗಿಸಿಕೊಂಡು ಬಂದಿದಾರಲ್ಲ. ಹೇಳಮ್ಮ, ಯಾರಿವರು?"

"ನೀರು ಕುಡೀತಾ ತಿನ್ರೀ ಸುಮ್ನೆ," ಎಂದಳು ಸೊಸೆ.

ಅತ್ತೆ ತಟ್ಟೆಯಲ್ಲಿದ್ದ ಒಂದು ಚೂರನ್ನು ಬೆರಳಿನಿಂದ ಮಗುಚಿ ನೋಡಿದಳು.

"ಒಬ್ಬಳೇ ಹೆಂಗಸು. ವಯಸ್ಸಾಗಿದೆ. ಹೆಚ್ಚಿದ್ದು ನೋಡು, ಎಲ್ಲ ಒಂದೇ ಸಮ, ಪಳಗಿದ ಕೈ. ಪಕ್ಕದಲ್ಲೇ ಜನ ಇದ್ದರೂ ಕೇಳದೆ ಉಪ್ಪು ಹಾಕಿದಾಳೆ."

ಮಗ ಹೆಂಡತಿಯತ್ತ ತಿರುಗಿದ. "ಹೌದಾ?"

"ಹೌದು," ಎಂದು ಸೊಸೆ ಅತ್ತೆಯ ಲೋಟಕ್ಕೆ ನೀರು ಬಗ್ಗಿಸಿದಳು. "ಆದರೆ ಆಮೇಲೆ ಕೇಳಿದರು."

ಮಗನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇನ್ನೊಂದು ಲೋಟ ನೀರು ಕುಡಿದು ಎದ್ದ.

ಮುಂದಿನ ಹಡಗಿನ ದಿನ ಅತ್ತೆ ಎಂದಿನಂತೆ ಕತ್ತಲಿರುವಾಗಲೇ ಒಲೆ ಹಚ್ಚಿದಳು. ಕಾಳು, ಎಣ್ಣೆ, ತರಕಾರಿ ಎಲ್ಲ ಪಾತ್ರೆ ಸೇರಿದವು. ಉಪ್ಪಿನ ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟುಕೊಂಡು ಕೂತಳು. ಸೊಸೆ ಏಳುವುದು ತಡವಾಯಿತು. ಅತ್ತೆ ಕೂಗಿ ಎಬ್ಬಿಸಲಿಲ್ಲ. ಉರಿಯನ್ನು ಇನ್ನಷ್ಟು ಸಣ್ಣದು ಮಾಡಿದಳು.