ಗಿರಿಜಕ್ಕನ ಎರಡು ನಿಮಿಷ

ಕತ್ತರಿ ಕಳೆದುಹೋದರೆ ಕೊರಗಜ್ಜ ದೈವಕ್ಕೆ ಒಂದು ಚಕ್ಕುಲಿ, ಕೋಳಿ ಗೂಡಿಗೆ ಬರದಿದ್ದರೆ ಎರಡು. ಗಿರಿಜಕ್ಕ ಬೀಡಿ ಕಟ್ಟುವ ಬೆರಳು ನಿಲ್ಲಿಸದೆಯೇ ಹೀಗೆ ಹರಕೆ ಹೇಳುತ್ತಿದ್ದರು. ಕತ್ತರಿ ಹೆಚ್ಚಾಗಿ ಅವರ ತೊಡೆಯ ಕೆಳಗೇ ಸಿಗುತ್ತಿತ್ತು. "ನೀವೇ ಅದರ ಮೇಲೆ ಕೂತದ್ದಲ್ವಾ?" ಎಂದರೆ, "ಕೂತದ್ದು ನಾನು, ಏಳಿಸಿದ್ದು ಅಜ್ಜ" ಎನ್ನುತ್ತಿದ್ದರು. ಹೇಳಿದ ಚಕ್ಕುಲಿ ಒಮ್ಮೆಯೂ ತಪ್ಪಿಸಿದವರಲ್ಲ.

ಇಂಥ ಹೆಂಗಸು ನಮ್ಮೂರಲ್ಲಿ ದೈವನಿಂದಕಿ ಎಂಬ ಹೆಸರು ಹೊತ್ತು ಸತ್ತರು. ಅದರಲ್ಲಿ ನನ್ನ ಪಾಲೂ ಉಂಟು.

ನಾನು ಅವರ ನೆರೆಮನೆಯವನು. ಗಂಡ ಇಲ್ಲದ ಗಿರಿಜಕ್ಕ ಬೀಡಿ ಕಟ್ಟಿಯೇ ಮಗಳು ಶ್ವೇತಾಳನ್ನು ಕಾಲೇಜಿಗೆ ಕಳಿಸಿದ್ದರು. ಬಾಯಿ ಮಾತ್ರ ಬಲು ಜೋರು. ಬೀಡಿ ತಪಾಸಣೆ ಮಾಡುವವ ಒಂದು ಹಿಡಿ ತೆಗೆದು ಪಕ್ಕಕ್ಕೆ ಎಸೆದರೆ, "ಮಗಾ, ಸೇದುವವನಿಗೆ ಹೊಗೆ ಬಂದರೆ ಸಾಕು, ಅವನು ನಿನ್ನ ಹಾಗೆ ಸೊಂಟ ಅಳೆಯುವುದಿಲ್ಲ" ಎಂದು ಎಲ್ಲರೆದುರೇ ಹೇಳಿಬಿಡುತ್ತಿದ್ದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಶ್ವೇತಾಳಿಗೆ ಜ್ವರ ಬಂದು ಕಣ್ಣು ಹಳದಿಯಾದ ದಿನ ನನ್ನ ಓಮ್ನಿಯಲ್ಲಿ ಅವಳನ್ನು ಮಲಗಿಸಿಕೊಂಡು ಗಿರಿಜಕ್ಕನೂ ನಾನೂ ಬಂಟ್ವಾಳದ ಆಸ್ಪತ್ರೆಗೆ ಹೊರಟೆವು. ಪುಂಜಾಲಕಟ್ಟೆಯಲ್ಲಿ ನಮ್ಮೂರ ದೊಡ್ಡ ಮನೆತನವಾದ ಗುತ್ತಿನ ಧಣಿಗಳು ಕೈ ಅಡ್ಡ ಹಿಡಿದರು. ಒಳಗೆ ಇಣುಕಿ, "ಇದು ಆಸ್ಪತ್ರೆಯ ರೋಗ ಅಲ್ಲ, ದೈವದ ಉಪದ್ರ. ಮೊದಲು ಪ್ರಶ್ನೆ ಇಡಿಸುವ. ತಿರುಗಿಸು ಸದಾಶಿವ" ಎಂದರು. ನಾನು ಬೆಳ್ತಂಗಡಿಯ ಕಡೆಗೆ ತಿರುಗಿಸಿದೆ. ಅಲ್ಲಿ ಕವಡೆ ಹಾಕಿ ಪ್ರಶ್ನೆ ಇಟ್ಟ ಜೋಯಿಸರು, ಮೂರು ದಿನ ಮದ್ದು ಮುಟ್ಟಿಸಬಾರದು ಎಂದರು. ಮೂರನೆಯ ದಿನ ಹುಡುಗಿ ಹೋದಳು.

ಕೆಲವು ವರ್ಷಗಳ ನಂತರ ಮಿಜಾರಿನ ಕಡೆಯಿಂದ ನಾಲ್ಕು ಮಂದಿ ಕಾಲೇಜಿನವರು ಕ್ಯಾಮೆರಾ ಹಿಡಿದು ಬಂದರು. ನಂಬಿಕೆಗಳ ಬಗ್ಗೆ ಸಾಕ್ಷ್ಯಚಿತ್ರವಂತೆ. ಗಿರಿಜಕ್ಕ ಒಳ್ಳೆಯ ಸೀರೆ ಉಟ್ಟು ಕೂತು ಎರಡೇ ನಿಮಿಷ ಮಾತಾಡಿದರು. ಧಣಿಗಳು ವ್ಯಾನು ತಿರುಗಿಸಲು ಹೇಳಿದರು ಎಂದರು. ಓಡಿಸಿದವರು ಯಾರೆಂದು ಹೇಳಲಿಲ್ಲ.

ಚಿತ್ರವನ್ನು ಪೂರ್ತಿ ನೋಡಿದವರು ಊರಲ್ಲಿ ಎಷ್ಟು ಮಂದಿಯೋ. ಆ ಎರಡು ನಿಮಿಷದ ತುಂಡು ಮಾತ್ರ ಎಲ್ಲರ ಮೊಬೈಲಿಗೂ ಬಂತು. ಅವರ ಮಾತು ಮುಗಿದ ಕೂಡಲೇ ಹಿನ್ನೆಲೆಯ ದನಿ, ದೈವ ದೇವರೆಲ್ಲ ಬರೀ ಭಯದ ವ್ಯಾಪಾರ ಎನ್ನುತ್ತಿತ್ತು. ದುಬೈಯಲ್ಲಿದ್ದವರು ಕೂಡ ಅಲ್ಲಿಂದಲೇ ಬೈದು ವಾಯ್ಸ್ ಮೆಸೇಜ್ ಕಳಿಸಿದರು. ನನ್ನ ಮೊಬೈಲಿನಲ್ಲಿ ಅದನ್ನು ನೋಡಿದ ಗಿರಿಜಕ್ಕ ಮೊಬೈಲನ್ನು ನನಗೆ ವಾಪಸು ಕೊಟ್ಟರು. "ನಾನು ಹೇಳಿದ್ದು ಮನುಷ್ಯರ ಮೇಲೆ, ಸದಾಶಿವ. ಈ ಮಕ್ಕಳು ಅದನ್ನು ದೈವದ ಮೇಲೆ ಹಾಕಿದ್ದಾರೆ" ಎಂದರು.

ದೈವಸ್ಥಾನದ ಚಾವಡಿಗೆ ಅವರನ್ನು ಕರೆಸಿದರು. ಜೀರ್ಣೋದ್ಧಾರ ಸಮಿತಿಗೆ ಧಣಿಗಳು ಅಧ್ಯಕ್ಷರು, ನಾನು ಕಾರ್ಯದರ್ಶಿ.

"ನಾನು ಹಾಗೆ ಹೇಳಿದ್ದಕ್ಕೆ ಸಾಕ್ಷಿ ಉಂಟಾ ಗಿರಿಜಾ?" ಧಣಿಗಳು ಮೆಲ್ಲಗೆ ಕೇಳಿದರು.

ಗಿರಿಜಕ್ಕ ನನ್ನ ಕಡೆ ನೋಡಿದರು. ದೈವದ ಎದುರು ಸುಳ್ಳು ಹೇಳಿದವನು ಉದ್ಧಾರವಾಗುವುದಿಲ್ಲ ಎಂದು ನಂಬಿ ಬೆಳೆದವನು ನಾನು. ಆದರೂ, "ನನಗೆ ಸರಿಯಾಗಿ ನೆನಪಿಲ್ಲ" ಎಂದೆ. ದೈವಕ್ಕಿಂತ ಧಣಿಗಳು ಹತ್ತಿರ ಕೂತಿದ್ದರು.

"ಪಾಪ, ಸದಾಶಿವನ ನೆನಪು ಕಳೆದುಹೋಗಿದೆ. ಅಜ್ಜನಿಗೆ ಒಂದು ಚಕ್ಕುಲಿ ಹೇಳ್ತೇನೆ" ಎಂದರು ಗಿರಿಜಕ್ಕ. ಹಿಂದೆ ಯಾರೋ ನಕ್ಕರು. ತಪ್ಪುಕಾಣಿಕೆ ಹಾಕು ಎಂದರೆ ಅವರು ಹಾಕಲಿಲ್ಲ, ಎದ್ದು ಹೋದರು.

ಆಮೇಲೆ ಅವರಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಮದುವೆ, ಗೃಹಪ್ರವೇಶದ ಕರೆಯೋಲೆ ಅವರ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು. ಬೀಡಿಯ ಸಾಲಿನಲ್ಲಿ ಅವರ ಹಿಂದೆಮುಂದೆ ಜಾಗ ಖಾಲಿ. ಅವರು ಜೋಕು ಹೇಳಿದರೆ ನಗುವವರಿರಲಿಲ್ಲ. ಮೆಲ್ಲಮೆಲ್ಲಗೆ ಹೇಳುವುದನ್ನೂ ಬಿಟ್ಟರು.

ಹೊಗೆಸೊಪ್ಪಿನ ಧೂಳು ಎದೆ ಸೇರಿ ಗಿರಿಜಕ್ಕ ಬಂಟ್ವಾಳದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ನೋಡಲು ಹೋದೆ. ಅದೇ ದಾರಿಯಲ್ಲಿ, ಯಾರೂ ತಡೆಯದೆ, ಮುಕ್ಕಾಲು ಗಂಟೆಯಲ್ಲಿ ತಲುಪಿದ್ದೆ. ಸ್ಟೂಲಿನಲ್ಲಿ ಕೂತು, "ಗಿರಿಜಕ್ಕಾ, ನನಗೆ ನೆನಪುಂಟು. ಎಲ್ಲ ನೆನಪುಂಟು" ಎಂದೆ. ಅತ್ತುಬಿಟ್ಟೆ.

"ಅದು ನನಗೆ ಅವತ್ತೇ ಗೊತ್ತಿತ್ತು ಮಾರಾಯ" ಎಂದರು. ಉಸಿರು ಎಳೆದುಕೊಂಡು, "ನನ್ನ ಹತ್ತಿರ ಹೇಳಿ ಏನು ಪ್ರಯೋಜನ? ಚಾವಡಿಯಲ್ಲಿ ಹೇಳು. ನಾನು ಇರುವಾಗ ಹೇಳು."

"ಭಾನುವಾರ ಸಭೆ ಉಂಟು, ಹೇಳ್ತೇನೆ" ಎಂದೆ.

ಅವರು ಗುರುವಾರವೇ ತೀರಿಕೊಂಡರು. ಶವಸಂಸ್ಕಾರಕ್ಕೆ ಊರಿನವರು ಆರೇಳು ಮಂದಿ ಇದ್ದೆವು.

ಭಾನುವಾರ ಸಭೆ ನಡೆಯಿತು. ನಾನು ವರದಿ ಓದಿದೆ. ಕೊನೆಗೆ ಧಣಿಗಳು, "ಬೇರೆ ವಿಷಯ ಏನಾದರೂ ಉಂಟಾ?" ಎಂದು ಎಲ್ಲರ ಮುಖ ನೋಡುತ್ತಾ ಬಂದು ನನ್ನಲ್ಲಿ ನಿಂತರು.

"ಏನೂ ಇಲ್ಲ" ಎಂದೆ.