ಇಳಿಯುವ ಮುನ್ನ ಒಂದು ಮಾತು

ಶನಿವಾರ ಬೆಳಗಿನ ಐದೂವರೆ. ಕ್ರೈಸ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಹಿಂದೆ ನಿಂತ ಬಿಳಿ ವ್ಯಾನಿನೊಳಗೆ ಒಂದು ಸಣ್ಣ ದೀಪ ಉರಿಯುತ್ತಿದೆ. ಚಾಲಕರು ಹದಿನಾಲ್ಕು ಸೀಟುಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸುತ್ತಾರೆ. ಆಮೇಲೆ ಸ್ಟೇರಿಂಗ್ ಪಕ್ಕದ ಖಾನೆಯಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು, ಕನ್ನಡಕ ಏರಿಸಿ, ಹೋದ ವಾರದ ಪುಟದಲ್ಲಿರುವುದನ್ನು ಸಣ್ಣ ಚೀಟಿಗಳಿಗೆ ನಕಲು ಮಾಡುತ್ತಾ ಕೂರುತ್ತಾರೆ. ಅಕ್ಷರ ದಪ್ಪ, ಸಾಲು ಸೊಟ್ಟ. ಬರೆದದ್ದನ್ನು ಸೀಟಿಗೊಂದರಂತೆ ಇಡುತ್ತಾ ಹೋಗುತ್ತಾರೆ.

ನೋಡಲು ಬಂದ ನನಗೆ ಒಂದು ಚೀಟಿಯನ್ನು ಓದಲು ಕೊಡುತ್ತಾರೆ. ‘ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ತಾತ. ಮಗಳ ಪತ್ರ ಬಂತೇ ಎಂದು ಕೇಳಿ. ಕಾಲಿನ ವಿಷಯ ಎತ್ತಬೇಡಿ.’ ಇನ್ನೊಂದರಲ್ಲಿ: ‘ವೃದ್ಧಾಶ್ರಮ, ಏಳನೇ ಕೋಣೆಯ ಅಜ್ಜಿ. ಎಡಗಿವಿ ಕೇಳಿಸದು, ಬಲಗಡೆ ಕೂರಿ. ಚೆನ್ನಾಗಿದ್ದೀರಾ ಎಂದು ಕೇಳಿದರೆ ಸಿಟ್ಟು ಬರುತ್ತದೆ.’

ಈ ತಾತನನ್ನಾಗಲಿ ಅಜ್ಜಿಯನ್ನಾಗಲಿ ಅವರು ಒಮ್ಮೆಯೂ ನೋಡಿಲ್ಲ.

ವಿದ್ಯಾರ್ಥಿಗಳು ಇವರನ್ನು ‘ವ್ಯಾನ್ ಮಾವ’ ಎನ್ನುತ್ತಾರೆ. ಈ ವಿಶ್ವವಿದ್ಯಾಲಯದಲ್ಲಿ ಓದಿನ ಜೊತೆಗೆ ಸೇವೆಯೂ ಇದೆ. ಪ್ರಾರ್ಥನಾಲಯದ ಗೋಡೆಗೆ ವಾರವಾರವೂ ಒಂದು ಪಟ್ಟಿ ಅಂಟಿಸುತ್ತಾರೆ. ಆಸ್ಪತ್ರೆ, ವೃದ್ಧಾಶ್ರಮ, ಸೆರೆಮನೆ, ಅಂಧಮಕ್ಕಳ ಶಾಲೆ. ಯಾರಿಗೆ ಎಲ್ಲಿ ಮನಸ್ಸೋ ಅಲ್ಲಿ ಹೆಸರು ಬರೆಯಬಹುದು. ಪರೀಕ್ಷೆ ಹತ್ತಿರವಾದರೆ ಪಟ್ಟಿ ಬಡವಾಗುತ್ತದೆ, ಫಲಿತಾಂಶದ ಹಿಂದಿನ ವಾರ ತುಂಬಿ ತುಳುಕುತ್ತದೆ. ‘ಆಗ ಎಲ್ಲರಿಗೂ ದೇವರು ಬೇಕು ನೋಡಿ’ ಎಂದು ಮಾವ ನಗುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಇವರನ್ನೆಲ್ಲ ಕರೆದೊಯ್ದು, ಗೇಟಿನ ಹೊರಗೆ ಕಾದು, ಮರಳಿ ತರುವುದು ಅವರ ಕೆಲಸ. ಪ್ರತಿ ಶನಿವಾರ ಅರವತ್ತೆರಡು ಕಿಲೋಮೀಟರು. ಚಾಲಕ ವಾಹನ ಬಿಟ್ಟು ಕದಲಬಾರದೆಂಬುದು ಕಚೇರಿಯ ನಿಯಮ. ಹಿಂದೊಮ್ಮೆ ಯಾರೋ ಬ್ಯಾಟರಿ ಬಿಚ್ಚಿಕೊಂಡು ಹೋದ ಮೇಲೆ ಬಂದದ್ದು.

ಅದರ ಜೊತೆಗೆ ಮಾವ ತಾವೇ ಮಾಡಿಕೊಂಡ ಒಂದು ನಿಯಮವಿದೆ. ವಾಪಸು ಬಂದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಆ ದಿನ ಕೇಳಿಸಿಕೊಂಡ ಒಂದು ಮಾತನ್ನು ಹೇಳದೆ ಯಾರೂ ಇಳಿಯುವಂತಿಲ್ಲ. ‘ನೀವು ಏನು ಪ್ರಾರ್ಥನೆ ಮಾಡಿದ್ರಿ, ಏನು ಹಾಡಿದ್ರಿ, ಅದು ನಂಗೆ ಬೇಡ. ಅವರು ಏನಂದ್ರು? ಅದನ್ನ ಹೇಳಿ ಇಳೀರಿ.’ ಹೇಳಿದ್ದೆಲ್ಲ ಪುಸ್ತಕಕ್ಕೆ, ಕಿಲೋಮೀಟರು, ಡೀಸೆಲ್ ಬರೆಯುವ ಸಾಲಿನ ಪಕ್ಕಕ್ಕೆ. ಮುಂದಿನ ವಾರ ಹೋಗುವವರು ಬೇರೆ ಮಕ್ಕಳು. ಅವರ ಕೈಗೆ ಚೀಟಿ.

ಇದು ಎಲ್ಲಿಂದ ಬಂತು ಎಂದರೆ ಅವರು ಹೆಂಡತಿಯ ಮಾತು ತೆಗೆಯುತ್ತಾರೆ. ‘ನಮ್ಮನೆಯವಳು ಮೂರು ತಿಂಗಳು ಆಸ್ಪತ್ರೇಲಿ ಇದ್ಲು. ದಿನಕ್ಕೆ ಮೂರು ಪಾಳಿ ನರ್ಸುಗಳು. ಬಂದವರೆಲ್ಲ ಮೊದಲಿಂದ ಕೇಳೋರು, ಏನಮ್ಮ ಆಯ್ತು, ಹೇಗಾಯ್ತು ಅಂತ. ಕೊನೆಕೊನೆಗೆ ಯಾರಾದ್ರೂ ಬಂದ್ರೆ ನಿದ್ದೆ ಬಂದೋಳ ಹಾಗೆ ಕಣ್ಣು ಮುಚ್ಚಿಕೊಳ್ತಿದ್ಲು. ಆಗ ಅನ್ನಿಸ್ತು, ನಮ್ಮ ವ್ಯಾನಿನ ಮಕ್ಕಳೂ ಹೋಗಿ ಇದನ್ನೇ ಮಾಡ್ತಾರಲ್ಲಪ್ಪ ಅಂತ.’

ಹೆಂಡತಿ ಈಗ ಆರೋಗ್ಯವಾಗಿದ್ದಾರೆ. ವ್ಯಾನಿನ ಸೀಟುಗಳ ಹೊದಿಕೆ ಅವರೇ ಹೊಲಿದದ್ದು. ‘ಊರವರದ್ದೆಲ್ಲ ಬರ್ಕೊಳ್ತಾರೆ, ನಾನು ಸೋಪು ತನ್ನಿ ಅಂದ್ರೆ ಮಾತ್ರ ಮರ್ತೇಬಿಡ್ತಾರೆ’ ಎಂದು ಅವರು ಗಂಡನ ಎದುರಿಗೇ ದೂರುತ್ತಾರೆ. ‘ನೀನೂ ವ್ಯಾನ್ ಹತ್ತು, ಬರ್ಕೊಳ್ತೀನಿ’ ಎನ್ನುತ್ತಾರೆ ಇವರು.

ಪುಸ್ತಕದಲ್ಲಿ ನಗುವೂ ಇದೆ. ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದವರ ತಲೆಯ ಮೇಲೆ ಕೈಯಿಟ್ಟು, ಕಣ್ಮುಚ್ಚಿ, ಇಪ್ಪತ್ತು ನಿಮಿಷ ಪ್ರಾರ್ಥಿಸಿದ. ಆಮೆನ್ ಎಂದ ಮೇಲೆ ಆ ಮನುಷ್ಯ ಮೆಲ್ಲಗೆ ಹೇಳಿದರಂತೆ: ‘ನಾನು ಚೆನ್ನಾಗೇ ಇದ್ದೀನಪ್ಪ. ಕಾಯಿಲೆ ನಮ್ಮಣ್ಣನಿಗೆ. ಸ್ನಾನದ ಮನೆಗೆ ಹೋಗಿದ್ದಾನೆ, ಬರ್ತಾನೆ ಇರು.’ ಅಂದಿನಿಂದ ಆಸ್ಪತ್ರೆಯ ಚೀಟಿಗಳ ತುದಿಯಲ್ಲಿ ಒಂದು ಸಾಲು ಕಾಯಂ: ‘ಮಂಚದಲ್ಲಿರುವವರು ಯಾರೆಂದು ಮೊದಲು ಕೇಳಿ.’

ಹೀಗೆ ತುಂಬಿದ ಪುಸ್ತಕಗಳು ಹನ್ನೊಂದು. ಹನ್ನೆರಡನೆಯದು ನಡೆಯುತ್ತಿದೆ. ಬಹುಶಃ ಅದೇ ಕೊನೆಯದು. ಇನ್ನು ಎಂಟು ಶನಿವಾರ ಕಳೆದರೆ ಮಾವನಿಗೆ ನಿವೃತ್ತಿ. ವ್ಯಾನಿಗೂ ವಯಸ್ಸಾಗಿದೆ. ಮುಂದೆ ಬಾಡಿಗೆ ವಾಹನ, ವಾರಕ್ಕೊಬ್ಬ ಹೊಸ ಚಾಲಕ ಎಂದು ಕಚೇರಿ ತೀರ್ಮಾನಿಸಿದೆ. ‘ಕೆಲಸ ಹೋಗೋದಕ್ಕೆ ಬೇಜಾರಿಲ್ಲ, ನನ್ನ ಸೊಂಟಕ್ಕೂ ಸಾಕಾಗಿದೆ. ಆದ್ರೆ ಆ ತಾತ ಮತ್ತೆ ಕಾಲಿನ ಕತೆ ಮೊದಲಿಂದ ಹೇಳ್ಬೇಕಲ್ಲ’ ಎನ್ನುವಾಗ ಅವರ ಕೈ ಪುಸ್ತಕದ ಮೇಲೆಯೇ ಇದೆ.

ಇದರ ನಡುವೆ ಏಳನೇ ಕೋಣೆಯ ಅಜ್ಜಿ ಪಟ್ಟು ಹಿಡಿದಿದ್ದಾರೆ. ‘ಪ್ರತಿ ವಾರ ಹೊಸ ಮಕ್ಕಳು ಬರ್ತಾರೆ, ಎಲ್ಲರೂ ಸರಿಯಾಗಿ ಬಲಗಡೆಗೇ ಬಂದು ಕೂರ್ತಾರೆ. ಇದನ್ನ ಹೇಳಿಕೊಡೋರು ಯಾರು? ಕರ್ಕೊಂಡು ಬನ್ನಿ’ ಎಂದು ಮೂರು ವಾರಗಳಿಂದ ಹೇಳಿಕಳಿಸುತ್ತಿದ್ದಾರೆ. ಮಾವ ಮೂರು ವಾರವೂ ನಿಯಮದ ನೆಪ ಹೇಳಿದ್ದಾರೆ. ನಿಜವಾದ ಕಾರಣ ಬೇರೆ. ‘ನಾನು ಓದಿದವನಲ್ಲ. ಎದುರಿಗೆ ಕೂತು ಏನು ಮಾತಾಡ್ಲಿ? ಬಾಗಿಲಲ್ಲಿ ನಿಂತ್ಕೊಳ್ಳೋದು ಮಾತ್ರ ನಂಗೆ ಗೊತ್ತು.’

ಆರು ಗಂಟೆಗೆ ಮಕ್ಕಳು ಬರುತ್ತಾರೆ. ಒಬ್ಬನ ಹೆಗಲಲ್ಲಿ ಗಿಟಾರು, ಇನ್ನೊಬ್ಬಳ ಕೂದಲಿನ್ನೂ ಒದ್ದೆ. ನನ್ನ ವಯಸ್ಸಿನವರಿಗೆ ವ್ಯಾನಿನ ಮೆಟ್ಟಿಲು ಎತ್ತರವೆಂದು ಮಾವ ಕೇಳುವ ಮೊದಲೇ ಮರದ ಪೀಠವೊಂದನ್ನು ತಂದಿಟ್ಟಿದ್ದಾರೆ. ಇವತ್ತು ವಿಶ್ವವಿದ್ಯಾಲಯದ ಪಾದ್ರಿಗಳೂ ಜೊತೆಗೆ ಹೊರಟಿದ್ದಾರೆ. ಅರ್ಧ ಮಕ್ಕಳನ್ನು ಆಸ್ಪತ್ರೆಯಲ್ಲಿ ಇಳಿಸಿ, ಏಳಕ್ಕೆ ವೃದ್ಧಾಶ್ರಮದ ಗೇಟು ತಲುಪಿದಾಗ ಪಾದ್ರಿಗಳು ಮುಂದಿನ ಸೀಟಿನಿಂದ ಕದಲುವುದಿಲ್ಲ. ಕೈ ಚಾಚುತ್ತಾರೆ.

‘ಕೀಲಿ ಇಲ್ಲಿ ಕೊಡಿ. ಇವತ್ತು ವ್ಯಾನ್ ನಾನು ಕಾಯ್ತೀನಿ.’

‘ಅಯ್ಯನವರೇ, ನೀವು ಕಾಯೋದಾ? ಒಳಗೆ ಪ್ರಾರ್ಥನೆ ಯಾರು ಮಾಡ್ತಾರೆ?’

‘ಇಲ್ಲೇ ಕೂತು ಮಾಡ್ತೀನಿ, ಬ್ಯಾಟರಿಗೂ ಸೇರಿಸಿ. ಹೋಗಿ, ಅಜ್ಜಿ ಕಾಯ್ತಿದ್ದಾರೆ.’

ಸಮಾಜಕಾರ್ಯ ಓದುವ ಹುಡುಗಿಯೊಬ್ಬಳು ಮಾವನ ತೋಳು ಹಿಡಿದುಕೊಳ್ಳುತ್ತಾಳೆ. ಏಳನೇ ಕೋಣೆ ಪುಟ್ಟದು. ಒಂದು ಮಂಚ, ಎರಡು ಕುರ್ಚಿ, ಬಿಸಿಲು ಬೀಳುವ ಕಿಟಕಿ. ಎಂಬತ್ತೆಂಟರ ಅಜ್ಜಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಮೂವತ್ತು ವರ್ಷ ಹೆಡ್‌ಫೋನ್ ಹೊತ್ತ ಎಡಗಿವಿ ಹೋಗಿದೆ, ಈಗ ಕಣ್ಣೂ ಮಂದ. ಮಾವ ನೇರವಾಗಿ ಬಲಗಡೆಗೆ ಹೋಗಿ ಕೂರುತ್ತಾರೆ. ಇದು ಮಕ್ಕಳ ಹಗುರ ಹೆಜ್ಜೆಯಲ್ಲ ಎಂದು ಅಜ್ಜಿಗೆ ಅಷ್ಟಕ್ಕೇ ಗೊತ್ತಾಗುತ್ತದೆ.

‘ಬಂದ್ಯಾ? ಮೂರು ವಾರ ಬೇಕಾಯ್ತಾ ಗೇಟಿಂದ ಇಲ್ಲಿಗೆ?’

ಮಾವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ. ಅಜ್ಜಿ ಅವರ ಅಂಗೈ ತಡವಿ ನೋಡಿ, ಸ್ಟೇರಿಂಗ್ ಹಿಡಿದು ಗಟ್ಟಿಯಾದ ಜಾಗದಲ್ಲಿ ಬೆರಳು ನಿಲ್ಲಿಸುತ್ತಾರೆ. ಉಳಿದದ್ದು ಅವರಿಬ್ಬರ ಮಾತು. ಹುಡುಗಿ ಕೋಣೆಯಿಂದ ಹೊರಗೆ ಬಂದು ಬಾಗಿಲನ್ನು ಅರ್ಧ ಎಳೆದು ನಿಲ್ಲುತ್ತಾಳೆ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ.

ಹನ್ನೊಂದಕ್ಕೆ ವ್ಯಾನು ವಿದ್ಯಾರ್ಥಿನಿಲಯದ ಹಿಂದೆ ಮರಳಿ ನಿಂತಾಗ ಬಾಗಿಲಿಗೆ ಅಡ್ಡ ನಿಂತವಳು ಅದೇ ಹುಡುಗಿ. ಕೈಯಲ್ಲಿ ಪುಸ್ತಕ, ಪೆನ್ನು. ಮಕ್ಕಳೆಲ್ಲ ಒಂದೊಂದು ಮಾತು ಹೇಳಿ ಇಳಿಯುತ್ತಾರೆ. ಕಿಟಕಿ ಪಕ್ಕದ ತಾತನಿಗೆ ಮಗಳ ಪತ್ರ ಬಂದಿದೆ. ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಅಕ್ಷರ ಸಣ್ಣ, ಸಾಲು ನೇರ.

‘ಮಾವ, ನೀವು?’

‘ನಾನು ಡ್ರೈವರ್ ಕಣಮ್ಮ.’

‘ಇವತ್ತು ಒಳಗೆ ಹೋಗಿದ್ರಲ್ಲ. ಹೇಳಿ ಇಳೀರಿ.’

ಪಾದ್ರಿಗಳು ಬೇರೆ ಕಡೆ ನೋಡುತ್ತಾ ನಗು ತಡೆಯುತ್ತಾರೆ. ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ.

‘ನಿವೃತ್ತಿ ವಿಷಯ ಹೇಳ್ದೆ. ಪುಸ್ತಕ ನಿಂತುಹೋಗತ್ತೆ ಅಂದೆ. ಅದಕ್ಕೆ ಅಜ್ಜಿ ಅಂದ್ರು, ನಾನು ಇಬ್ಬರಿಗೆ ಲೈನ್ ಸೇರಿಸಿ ಈಚೆ ಬರ್ತಿದ್ದೆ, ಅವರ ಪಾಡಿಗೆ ಅವರು ಮಾತಾಡ್ತಾ ಇರ್ತಿದ್ರು. ಆಪರೇಟರ್ ಲೈನಲ್ಲೇ ಕೂತಿರಬಾರದಪ್ಪ ಅಂತ.’

ಹುಡುಗಿ ಬರೆದು ಮುಗಿಸಿ, ಪೆನ್ನನ್ನು ಅವರಿಗೆ ಮರಳಿಸಲು ಚಾಚುತ್ತಾಳೆ. ಮಾವ ತೆಗೆದುಕೊಳ್ಳುವುದಿಲ್ಲ.

‘ಇಟ್ಕೋ. ಮುಂದಿನ ವಾರದ ಚೀಟಿ ನೀನೇ ಬರಿ. ಎಂಟು ವಾರ ಇದೆ, ತಪ್ಪಿದ್ರೆ ಹೇಳ್ತೀನಿ.’ ಮೆಟ್ಟಿಲಿಳಿದು, ನನಗಾಗಿ ಪೀಠವನ್ನು ಸರಿಯಾಗಿ ಇಟ್ಟು, ಮತ್ತೆ ಅವಳತ್ತ ತಿರುಗುತ್ತಾರೆ. ‘ಆಮೇಲೆ ಬಾಡಿಗೆ ಗಾಡಿ ಬರತ್ತಲ್ಲ, ಅದರಲ್ಲಿ ಹಿಂದುಗಡೆ ನಂಗೂ ಒಂದು ಸೀಟು ಇಡಿ. ಅಜ್ಜಿ ಬರೋಕೆ ಹೇಳಿದ್ದಾರೆ. ಕಿಟಕಿ ಪಕ್ಕಾನೇ ಬೇಕು ಅಂತೇನಿಲ್ಲ.’