ಒಂಬತ್ತು ಬಳ್ಳಿಗಳ ತಪಾಸಣೆ

ನನ್ನ ತಂಗಿಯ ಗಂಡ ತಪ್ಪೊಪ್ಪಿಕೊಳ್ಳುವ ಮನುಷ್ಯನಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಮೂವತ್ತೈದು ವರ್ಷ ನೋಡಿ ಹೇಳುತ್ತಿದ್ದೇನೆ. ಹಾಲು ಉಕ್ಕಿದರೆ ಪಾತ್ರೆ ಚಿಕ್ಕದು. ಬಸ್ಸು ತಪ್ಪಿದರೆ ಬಸ್ಸಿನವನಿಗೆ ಹೊತ್ತುಗೊತ್ತಿಲ್ಲ. ತನ್ನ ಮದುವೆಗೇ ಒಂದು ಗಂಟೆ ತಡವಾಗಿ ಬಂದು, ಹೆಣ್ಣಿನ ಮನೆ ಇಷ್ಟು ದೂರ ಇರಬಾರದಿತ್ತು ಎಂದಿದ್ದ.

ಆತ ದುಡಿದದ್ದು ಬಟ್ಟೆ ಮಿಲ್ಲಿನ ಚೆಕಿಂಗ್ ವಿಭಾಗದಲ್ಲಿ. ಮೇಜಿನ ಮೇಲೆ ದೀಪದ ಬೆಳಕಿನಲ್ಲಿ ಬಟ್ಟೆ ಸರಿಯುತ್ತ ಹೋಗುತ್ತದೆ. ಪಕ್ಕದಲ್ಲಿ ಸ್ಯಾಂಪಲ್ ತುಂಡು ಇರುತ್ತದೆ. ಅದರಂತಿದ್ದದ್ದು ಪಾಸ್, ಅದರಂತಿಲ್ಲದ್ದು ರಿಜೆಕ್ಟ್. ನಡುವೆ ಬೇರೆ ವರ್ಗವಿಲ್ಲ. ಆಯುಷ್ಯವಿಡೀ ಬೇರೆಯವರ ತಪ್ಪು ಹುಡುಕಿದವನಿಗೆ ತನ್ನದನ್ನು ಹುಡುಕಲು ಪುರುಸೊತ್ತಾಗಿರಲಿಕ್ಕಿಲ್ಲ.

ಆತ ನಿವೃತ್ತನಾದ ವರ್ಷವೇ ತಂಗಿ ಮಗಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ಹೊರಟಳು. ಹಿತ್ತಲಲ್ಲಿ ಅವಳ ಬೀನ್ಸ್ ಆಗಷ್ಟೇ ಮೊಳೆತಿತ್ತು. ಅದು ನಮ್ಮ ಅಮ್ಮ ಬೆಳೆಯುತ್ತಿದ್ದ ತಳಿ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಪ್ರತಿ ಸಲವೂ ನಾಲ್ಕು ಕಾಯಿ ಬಳ್ಳಿಯಲ್ಲೇ ಒಣಗಲು ಬಿಟ್ಟು ತಂಗಿ ಬೀಜ ಉಳಿಸಿಕೊಂಡು ಬಂದಿದ್ದಳು. ಈ ಬಾರಿ ಡಬ್ಬಿಗೆ ನೀರಿಳಿದು ಬೀಜ ಬೂಷ್ಟು ಹಿಡಿದಿತ್ತು. ಇದ್ದಷ್ಟನ್ನೂ ಬಿತ್ತಿದರೆ ಎದ್ದದ್ದು ಒಂಬತ್ತು. ಅವು ಕಾಯಿ ಬಿಡದಿದ್ದರೆ ಅಮ್ಮನ ತಳಿ ಅಲ್ಲಿಗೆ ಮುಗಿದಂತೆ.

"ನೀರು ಬುಡಕ್ಕೆ ಹಾಕಿ, ಎಲೆಗಲ್ಲ. ಹುಳ ಬಂದ್ರೆ ಪಕ್ಕದ ನರ್ಸರಿಯಮ್ಮನ್ನ ಕೇಳಿ," ಎಂದಳು ತಂಗಿ, ಸೂಟ್‌ಕೇಸಿನ ಮೇಲೆ ಕೂತು ಅದರ ಜಿಪ್ ಎಳೆಯುತ್ತ.

"ಒಂದೆಳೆ ದಾರ ತಪ್ಪಿದ್ರೆ ಹತ್ತಡಿ ದೂರದಿಂದ ಹಿಡಿದವನು ನಾನು. ಹುಳ ನೋಡೋಕೆ ಇನ್ನೊಬ್ಬರ ಕಣ್ಣು ಬೇಕಾ?"

ತಂಗಿ ನನ್ನ ಕಡೆ ತಿರುಗಿದಳು. "ಅಕ್ಕ, ದಿನಾ ಒಂದ್ಸಲ ಬಂದು ನೋಡ್ಕೊಂಡು ಹೋಗು. ಇವರನ್ನಲ್ಲ, ಬಳ್ಳಿನ."

ನನ್ನ ಮನೆ ಎರಡು ಬೀದಿ ಆಚೆ. ದಿನಾ ಸಂಜೆ ಹೋದೆ. ಮೊದಲ ತಿಂಗಳು ದೂರುವಂಥದ್ದೇನೂ ಇರಲಿಲ್ಲ. ಆತ ಟೇಪು ಹಿಡಿದು ಅಳೆದು ಒಂಬತ್ತು ಕೋಲು ನೆಟ್ಟಿದ್ದ. ಬಳ್ಳಿ ಅಡ್ಡಾದಿಡ್ಡಿ ಹಬ್ಬಿದರೆ ಬಿಚ್ಚಿ ಮತ್ತೆ ನೆಟ್ಟಗೆ ಸುತ್ತುತ್ತಿದ್ದ.

ಹೂ ಬಿಡುವ ಹೊತ್ತಿಗೆ ಹುಳ ಬಂತು. ಕಪ್ಪು ಮೈ, ಬೆನ್ನ ಮೇಲೆ ಮುಳ್ಳು, ಅಲ್ಲಲ್ಲಿ ಕಿತ್ತಳೆ ಬಣ್ಣದ ಮಚ್ಚೆ, ಅಕ್ಕಿಕಾಳಿನಷ್ಟುದ್ದದ ಮೊಸಳೆಯಂತಿತ್ತು. ಆತ ಭೂತಗನ್ನಡಿ ಹಿಡಿದು ಚಿಮಟದಲ್ಲಿ ಒಂದೊಂದನ್ನೇ ಹೆಕ್ಕಿ ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದ. ಮೂರು ದಿನ ಅದೇ ಕೆಲಸ.

"ನೋಡಿ ಅಕ್ಕ, ಮುಖ ನೋಡಿದ್ರೇ ಗೊತ್ತಾಗುತ್ತೆ ಎಂಥ ಕಳ್ಳ ಅಂತ."

"ಮತ್ತೆ ಇದೇನು?" ಎಂದೆ. ಎಳೆ ಚಿಗುರಿನುದ್ದಕ್ಕೂ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆಗಳು ಒತ್ತೊತ್ತಾಗಿ ಕೂತಿದ್ದವು.

"ಅದು ಬಳ್ಳಿದೇ. ಒಂದೇ ಬಣ್ಣ, ಒಂದೇ ಸೈಜು, ಎಷ್ಟು ನೀಟಾಗಿದೆ ನೋಡಿ. ಮೊಗ್ಗು ಇರಬೇಕು. ಪಾಸ್."

ನಾನು ಓದಿದ್ದು ಇತಿಹಾಸ. ತಲೆಯಾಡಿಸಿದೆ. ಆ ವಾರ ತಂಗಿ ಫೋನಿನಲ್ಲಿ ಕೇಳಿದಾಗಲೂ "ಎಲ್ಲ ಪಾಸ್" ಎಂಬ ಉತ್ತರವೇ ಹೋಯಿತು.

ಹತ್ತು ದಿನದಲ್ಲಿ ಮೊಗ್ಗುಗಳು ನಡೆಯತೊಡಗಿದವು. ಚಿಗುರು ಮುರುಟಿತು, ಎಲೆ ಅಂಟಂಟಾಯಿತು, ಹೂ ಉದುರಿತು. ಆತ ಮೊದಲು ಮಣ್ಣನ್ನು ಬೈದ, ಆಮೇಲೆ ನಲ್ಲಿ ನೀರನ್ನು, ಕೊನೆಗೆ ಬಳ್ಳಿಗಳನ್ನೇ. ಸಸಿ ಮಾರಿ ಬದುಕುವ ನರ್ಸರಿಯಮ್ಮನಿಗೆ ಬಾಯಿಗೆ ಬೀಗ ಹಾಕಿ ಗೊತ್ತಿಲ್ಲ. ಬೈಗುಳ ಕೇಳಿ ಅವಳು ಸ್ಟೂಲು ಹತ್ತಿ ಗೋಡೆಯಾಚೆಯಿಂದ ಇಣುಕಿದಳು.

"ಏನ್ ಸಾರ್, ಹೇನು ಸಾಕ್ತಿದ್ದೀರಾ? ಆ ಹಸಿರೆಲ್ಲ ಗಿಡದ ಹೇನು. ರಸ ಹೀರೋದೇ ಅದು."

"ಅದಲ್ಲಮ್ಮ. ಹುಳ ಬೇರೆ ಇತ್ತು. ಕಪ್ಪಗೆ, ಮುಳ್ಳುಮುಳ್ಳು. ಎಲ್ಲ ಹಿಡಿದು ಮುಗಿಸ್ದೆ."

ಅವಳು ನಿಂತಲ್ಲೇ ಹಣೆ ಚಚ್ಚಿಕೊಂಡಳು. "ಅಯ್ಯೋ! ಕೆಂಪು ಬೆನ್ನು, ಕಪ್ಪು ಚುಕ್ಕೆ ಇರುತ್ತಲ್ಲ, ಗುಲಗಂಜಿ ಹುಳ, ಅದರ ಮರಿ ಸಾರ್ ಅದು. ಹೇನು ತಿಂದೇ ಬದುಕೋದು. ಪೊಲೀಸರನ್ನ ಕೊಂದು ಕಳ್ಳರಿಗೆ ಹಾಸಿಗೆ ಹಾಸಿದ್ರಲ್ಲ!"

ಆತ ಚಿಮಟವನ್ನು ಜೇಬಿಗಿಳಿಸಿ ಒಳಗೆ ಹೋದ. ಮರುದಿನದಿಂದ ಸೋಪಿನ ನೀರು ಸಿಂಪಡಿಸತೊಡಗಿದ. ಅದು ನರ್ಸರಿಯಮ್ಮನ ಉಪಾಯ ಎಂಬುದು ನನಗೆ ತಿಳಿದದ್ದು ನರ್ಸರಿಯಮ್ಮನಿಂದಲೇ.

ಏಳು ಬಳ್ಳಿ ಸತ್ತವು. ಉಳಿದೆರಡರಲ್ಲಿ ಮೂರು ಕಾಯಿ ಕಚ್ಚಿದವು, ಒಂದು ಜಳ್ಳಾಯಿತು. ಮುಖ ತೊಳೆಯುವ ಮೊದಲೇ ಆತ ಹೋಗಿ ಮಿಕ್ಕ ಎರಡನ್ನು ನೋಡಿ ಬರುತ್ತಿದ್ದ. ಫೋನಿನಲ್ಲಿ ಮಾತ್ರ ಮೊಮ್ಮಗುವಿನ ತೂಕದ ವಿಚಾರಣೆ ದಿನೇದಿನೇ ಉದ್ದವಾಯಿತು. ನಾನೂ ತಂಗಿಗೆ ಹೇಳಲಿಲ್ಲ. ಈ ಸಲ ಯಾವ ನೆಪ ಹುಡುಕುತ್ತಾನೆ ನೋಡೋಣ ಎನ್ನಿಸಿತ್ತು.

ತಂಗಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ನಡೆದಳು. ಒಂಬತ್ತು ಕೋಲು, ಎರಡು ಬಳ್ಳಿ, ಎರಡು ಒಣಕಾಯಿ. ಕಾಯಿಗಳನ್ನು ಬೆರಳಿನಿಂದ ಒತ್ತಿ ಕಾಳು ಎಣಿಸಿದಳು. ಒಟ್ಟು ಹನ್ನೊಂದಿದ್ದವು. ಆಮೇಲೆ ಇಷ್ಟು ವರ್ಷದ ರೂಢಿಯಂತೆ ಗಂಡನ ನೆಪವನ್ನು ತಾನೇ ಒದಗಿಸಿದಳು.

"ಬೀಜಕ್ಕೇ ತೇವ ತಾಗಿತ್ತಲ್ಲ. ಬಳ್ಳೀಲಿ ಶಕ್ತಿ ಇರಲಿಲ್ಲ ಅನ್ಸುತ್ತೆ. ಅಲ್ವಾ?"

ಹೂಂ ಎಂದಿದ್ದರೆ ಸಾಕಿತ್ತು. ನಾನು ಆ ಹೂಂಗಾಗಿಯೇ ಕಾಯುತ್ತಿದ್ದೆ. ಆತ ಗೋಡೆಯ ಹತ್ತಿರ ಹೋಗಿ ಕೂಗಿದ.

"ನರ್ಸರಿಯಮ್ಮ, ಒಂದ್ನಿಮಿಷ ಬನ್ನಿ. ಅವತ್ತು ನನಗೆ ಹೇಳಿದ್ರಲ್ಲ, ಅದನ್ನ ಇವಳಿಗೂ ಹೇಳಿ."

ಸ್ಟೂಲು ಎಳೆದ ಸದ್ದಾಯಿತು. ನರ್ಸರಿಯಮ್ಮ ನಮ್ಮ ಮೂವರ ಮುಖ ನೋಡಿದಳು. ಅವಳು ಮಾತು ಆರಿಸಿ ಆಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಏನಿಲ್ಲಮ್ಮ. ಹೇನು ಬಿದ್ದಿತ್ತು. ಅದನ್ನ ತಿನ್ನೋ ಮರಿಹುಳ ಒಂದೆರಡು ಸತ್ತುಹೋಗಿದ್ವು, ಅಷ್ಟೇ."

"ಒಂದೆರಡಲ್ಲ, ನಲವತ್ತೆರಡು," ಎಂದ ಆತ. "ಮೊದಲಿಂದ ಸರಿಯಾಗಿ ಹೇಳಿ."